ಆರನೇ ನಂಬರಿನ ಕ್ಲಿಪ್ಪು

ಹತ್ತೊಂಬತ್ತು ವರ್ಷ ಒಂದು ಹಲಗೆಯನ್ನು ಕಾದ ಮನುಷ್ಯನಿಗೆ, ಇನ್ನು ಮುಂದೆ ಹಲಗೆಯೇ ಬೇಡ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಕನ್ನಡಕದ ಅಂಗಡಿಯ ಯಜಮಾನರಿಗೆ ಉರಿಯುತ್ತಿತ್ತು. ಅಂಗಡಿಯಲ್ಲಿ ಅವರ ಮಾತನ್ನು ಗಿರಾಕಿಗಳು ಕೇಳುತ್ತಿರಲಿಲ್ಲ. ಮನೆಯಲ್ಲಿ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಊರಾಚೆಯ ಮೈದಾನದಲ್ಲಿ, ಪುಟ್ಟ ವಿಮಾನಗಳನ್ನು ರಿಮೋಟಿನಲ್ಲಿ ಹಾರಿಸುವವರ ಕ್ಲಬ್ಬಿನಲ್ಲಿ, ಪ್ರತಿ ಭಾನುವಾರ ಎಂಟರಿಂದ ಹನ್ನೊಂದರವರೆಗೆ ಅವರು ಸಾರ್ವಭೌಮರು.

ಸಾಮ್ರಾಜ್ಯವೆಂದರೆ ಎರಡಡಿ ಉದ್ದದ ಮರದ ಹಲಗೆ, ಅದಕ್ಕೆ ಸಿಕ್ಕಿಸಿದ ನಂಬರು ಬರೆದ ಕ್ಲಿಪ್ಪುಗಳು (ಬಟ್ಟೆ ಒಣಹಾಕುವಾಗ ಸಿಕ್ಕಿಸುತ್ತೇವಲ್ಲ, ಅವೇ). ಹಳೆಯ ರಿಮೋಟುಗಳಿಗೆ ಒಂದೊಂದು ಚಾನೆಲ್ ನಂಬರು. ಒಂದೇ ನಂಬರಿನ ಎರಡು ರಿಮೋಟು ಒಟ್ಟಿಗೆ ಚಾಲೂ ಆದರೆ, ಮೇಲಿರುವ ವಿಮಾನ ಇಬ್ಬರು ಮೇಲಧಿಕಾರಿಗಳ ಕೈಗೆ ಸಿಕ್ಕ ಗುಮಾಸ್ತನಂತೆ ತಬ್ಬಿಬ್ಬಾಗಿ ನೆಲಕ್ಕೆ ಬೀಳುತ್ತದೆ. ಆದ್ದರಿಂದ ಯಾವ ನಂಬರಿನ ಕ್ಲಿಪ್ಪು ಯಾರ ಅಂಗಿಯ ಮೇಲಿದೆಯೋ ಅವರೊಬ್ಬರೇ ಆ ನಂಬರಿನ ರಿಮೋಟು ಮುಟ್ಟಬೇಕು. ಕ್ಲಿಪ್ಪು ಕೊಡುವವರು ಯಜಮಾನರು. ಡಾಕ್ಟರೂ ವಕೀಲರೂ ಅವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಈಗ ಹೊಸ ರೇಡಿಯೋ ಬಂದಿದೆ. ರಿಮೋಟನ್ನೂ ವಿಮಾನದೊಳಗಿನ ರಿಸೀವರನ್ನೂ ಒಮ್ಮೆ ಜೋಡಿ ಮಾಡಿಬಿಟ್ಟರೆ ಅವು ತಮ್ಮ ಪಾಡಿಗೆ ಖಾಲಿ ಜಾಗ ಹುಡುಕಿಕೊಂಡು ಮಾತಾಡಿಕೊಳ್ಳುತ್ತವೆ. ಹತ್ತು ಜನ ಒಟ್ಟಿಗೆ ಸ್ವಿಚ್ ಒತ್ತಿದರೂ ಒಬ್ಬರದು ಇನ್ನೊಬ್ಬರಿಗೆ ಅಡ್ಡಬರುವುದಿಲ್ಲ. ಎಲ್ಲರೂ ಅದನ್ನೇ ಕೊಳ್ಳೋಣ, ಹಲಗೆ ಇಳಿಸೋಣ ಎಂಬ ಮಾತೆದ್ದು, ಭಾನುವಾರ ಮತಕ್ಕೆ ಬರುವುದಿತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಯಜಮಾನರು ಇಸ್ತ್ರಿ ಮಾಡುತ್ತಿದ್ದ ಹೆಂಡತಿಯ ಮುಂದೆ ಭಾಷಣ ಹಿಡಿದರು.

"ಶಿಸ್ತು ಅನ್ನೋದೇ ಹೊರಟುಹೋಗುತ್ತೆ. ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಸ್ವಿಚ್ ಒತ್ತಬಹುದಂತೆ."

"ಒತ್ತಿದ್ರೆ ವಿಮಾನ ಬೀಳಲ್ಲ ತಾನೇ?"

"ಬೀಳೋದು ಬಿಡೋದು ಬೇರೆ ವಿಷಯ."

"ನಿಮ್ಮ ಹಲಗೆ ಇದ್ದಾಗ್ಲೂ ಬಿತ್ತಲ್ಲ ರೀ, ನನ್ನ ತಮ್ಮಂದು."

ಹನ್ನೊಂದು ವರ್ಷದ ಹಿಂದಿನ ಮಾತು. ಆಕೆಯ ತಮ್ಮ ಹದಿನಾಲ್ಕು ತಿಂಗಳು ಕೂತು ಕಟ್ಟಿದ ಹಳದಿ ವಿಮಾನ, ಇಳಿಯುವ ಹೊತ್ತಿಗೆ ಎರಡಾಳೆತ್ತರದಿಂದ ಮೂತಿ ಕೆಳಗಾಗಿ ಬಿದ್ದು ಪುಡಿಯಾಯಿತು. ಬ್ಯಾಟರಿ ಚಾರ್ಜು ಮಾಡದೆ ಬಂದಿದ್ದಾನೆ ಎಂದು ಯಜಮಾನರು ಎಲ್ಲರೆದುರು ತೀರ್ಪು ಕೊಟ್ಟರು. ಅಂದಿನಿಂದ ಅವನ ಹೆಸರೇ 'ಬ್ಯಾಟರಿ' ಆಯಿತು. ಅವನು ಲಿಫ್ಟ್ ರಿಪೇರಿ ಮಾಡುವವನು. ಅಂಥವನಿಗೆ ಮರೆಗುಳಿ ಎಂಬ ಹೆಸರು ಸಣ್ಣದಲ್ಲ. ಈಗಲೂ ಅವನು ಮೈದಾನಕ್ಕೆ ಬರುತ್ತಾನೆ, ವಿಮಾನ ಮಾತ್ರ ತರುವುದಿಲ್ಲ. ಇನ್ನೊಬ್ಬರ ಬ್ಯಾಟರಿಗಳನ್ನು ಪರೀಕ್ಷಿಸಿಕೊಡುತ್ತಾನೆ.

"ಅದರಲ್ಲಿ ಹಲಗೆಯ ತಪ್ಪೇನಿದೆ?" ಎಂದರು ಯಜಮಾನರು.

"ಗೊತ್ತು, ಅವನ ಬ್ಯಾಟರಿ ತಪ್ಪು, ನೂರು ಸಲ ಕೇಳಿದೀನಿ. ಆದ್ರೆ ಹಲಗೆ ತಡೀತಾ? ಮರದ ತುಂಡು, ನೋಡ್ತಾ ನಿಂತಿತ್ತು."

ಮರದ ತುಂಡು ಎಂದದ್ದು ಯಜಮಾನರಿಗೆ ನಾಟಿತು. ತಮ್ಮನ್ನು ಏನೆಂದರೂ ಸಹಿಸಿಯಾರು.

"ಏನಂದೆ, ಮರದ ತುಂಡಾ? ಅವತ್ತು ಆರನೇ ಕ್ಲಿಪ್ಪು ನಿನ್ನ ತಮ್ಮನ ಅಂಗಿ ಮೇಲಿತ್ತು. ಹಲಗೆಯಲ್ಲಿ ಆರರ ಜಾಗ ಖಾಲಿ ಇತ್ತು, ಕಣ್ಣಿಗೆ ಹೊಡೆಯೋ ಹಾಗೆ ಖಾಲಿ ಇತ್ತು. ಅದನ್ನ ನೋಡ್ದೆ ಮೈದಾನದ ಶೆಡ್ಡಿನೊಳಗೆ ಇನ್ನೊಂದು ಆರನೇ ನಂಬರಿನ ರಿಮೋಟು ಚಾಲೂ ಮಾಡಿದ್ದು ನಾನು. ಹಲಗೇನ ಯಾಕೆ ಬಯ್ತೀಯ?"

ಹಲಗೆಯ ಮಾನ ಉಳಿಯಿತು.

ಆಕೆ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ನೆಟ್ಟಗೆ ನಿಲ್ಲಿಸಿದರು. "ಇನ್ನೊಂದ್ಸಲ ಹೇಳಿ."

"ಒಂದೇ ಸೆಕೆಂಡು ಕಣೆ. ಸುಮ್ನೆ ನೋಡೋಣ ಅಂತ."

"ಹನ್ನೊಂದು ವರ್ಷ ರೀ." ಆಕೆಯ ದನಿ ಏರಲಿಲ್ಲ, ಏರಿದ್ದರೆ ಯಜಮಾನರಿಗೆ ಅಭ್ಯಾಸವಿತ್ತು. "ಫೋನ್ ತಗೊಳ್ಳಿ. ಕ್ಲಬ್ಬಿನ ಒಬ್ಬೊಬ್ಬರಿಗೂ ನೀವೇ ಹೇಳಿ. ನಾನು ಇಲ್ಲೇ ಕೂತಿರ್ತೀನಿ."

ಇಪ್ಪತ್ತೆರಡು ಜನ. ಮೊದಲು ಡಾಕ್ಟರು. ಅವರು ಪೂರ್ತಿ ಕೇಳಿಸಿಕೊಂಡು, "ಹಲಗೆ ಕಾಯೋರೇ ಹೀಗೆ ಮಾಡಿದ ಮೇಲೆ ಹೊಸ ರೇಡಿಯೋನೇ ವಾಸಿ ಅಲ್ವಾ?" ಎಂದರು. ವಕೀಲರು ಅದನ್ನೇ ಉದ್ದವಾಗಿ ಹೇಳಿದರು. ಹೊಸದಾಗಿ ಸೇರಿದ್ದ ಬೇಕರಿಯವರಿಗಂತೂ ಬ್ಯಾಟರಿ ಎಂಬುದು ಅಡ್ಡಹೆಸರೆಂದೇ ಗೊತ್ತಿರಲಿಲ್ಲ. ಅವನು ಬ್ಯಾಟರಿ ಅಂಗಡಿ ಇಟ್ಟಿದ್ದಾನೆಂದು ತಿಳಿದಿದ್ದರಂತೆ. ಹತ್ತನೆಯ ಕರೆ ಮುಗಿಯುವಷ್ಟರಲ್ಲಿ ಯಜಮಾನರಿಗೆ ಅರ್ಥವಾಯಿತು: ತಮ್ಮ ಹಲಗೆಯ ವಿರುದ್ಧ ಇಷ್ಟು ಶ್ರದ್ಧೆಯಿಂದ ಇನ್ನಾರೂ ಪ್ರಚಾರ ಮಾಡಿರಲಾರರು. ಇಪ್ಪತ್ತೊಂದು ಜನವೂ ಹೊಸದರ ಕಡೆಗೇ ಹೋದರು.

"ಇನ್ನೊಬ್ಬ ಉಳಿದ," ಎಂದರು ಹೆಂಡತಿ.

ಮೊದಲನೇ ರಿಂಗಿಗೇ ಆ ಕಡೆಯಿಂದ ದನಿ ಬಂತು. "ಹೇಳಿ ಭಾವ, ಬ್ಯಾಟರೀನೇ ಮಾತಾಡ್ತಿರೋದು. ನಾಳೆ ವೋಟಿನ ವಿಷಯನಾ? ಚಿಂತೆ ಬಿಡಿ. ಯಾರು ಏನಾದ್ರೂ ಅನ್ನಲಿ, ನನ್ನ ವೋಟು ಹಲಗೆಗೇ."

"ನಿಂದಾ?" ಎಂದರು ಯಜಮಾನರು. "ಯಾಕೋ?"

"ಅವತ್ತು ಆರನೇ ಕ್ಲಿಪ್ಪು ನನ್ನ ಹತ್ರಾನೇ ಇತ್ತಲ್ಲ ಭಾವ. ಅದಿಲ್ದಿದ್ರೆ ನಾನು ಸುಮ್ನೆ ಯಾರ ಮೇಲೋ ಅನುಮಾನ ಪಡ್ತಿದ್ದೆ. ಹಲಗೆಯಿಂದ ತಪ್ಪು ನಂದೇ ಅಂತ ಗೊತ್ತಾಯ್ತು."

ಹಲಗೆಗೆ ಸಿಕ್ಕಿದ ಒಂದೇ ಒಂದು ಮತ. ಯಜಮಾನರು ಹೆಂಡತಿಯ ಕಡೆ ನೋಡಿದರು. ಆಕೆ ಅವರ ಮೇಲಿಟ್ಟ ಕಣ್ಣು ಕದಲಿಸಲಿಲ್ಲ. ಯಜಮಾನರು ಶೆಡ್ಡಿನ ವಿಷಯ ಹೇಳಿದರು. ಈ ಸಲ 'ಒಂದೇ ಸೆಕೆಂಡು' ಎಂಬುದನ್ನು ಸೇರಿಸಲಿಲ್ಲ.

ಬಯ್ಗುಳ ಬಂದಿದ್ದರೆ ಯಜಮಾನರು ತಲೆ ಒಡ್ಡುತ್ತಿದ್ದರು, ಬರಲಿಲ್ಲ.

"ಹಾಗಾದ್ರೆ ಭಾವ," ಎಂದಿತು ದನಿ, "ನನ್ನ ಬ್ಯಾಟರಿ ಚೆನ್ನಾಗಿತ್ತಾ?"

"ಚೆನ್ನಾಗಿತ್ತು ಕಣೋ."

"ಪೂರ್ತಿ ಚಾರ್ಜಿತ್ತಾ?"

"ಪೂರ್ತಿ ಇತ್ತು."

"ಅಕ್ಕ ಅಲ್ಲೇ ಇದ್ರೆ ಫೋನ್ ಕೊಡಿ. ಅವಳಿಗೆ ಹೇಳ್ಬೇಕು."

ಆಕೆ ಫೋನು ಕಿವಿಗಿಟ್ಟು, ಆಗಷ್ಟೇ ಕೇಳುತ್ತಿರುವವರಂತೆ, "ಹೌದೇನೋ... ನಿಜವಾಗ್ಲೂ?" ಎನ್ನುತ್ತ ಮುಖ ತಿರುಗಿಸಿಕೊಂಡರು. ಇನ್ನೊಂದು ಕೈಯಿಂದ ಇಸ್ತ್ರಿಪೆಟ್ಟಿಗೆಯನ್ನೂ ಉಳಿದಿದ್ದ ಬಟ್ಟೆಯ ರಾಶಿಯನ್ನೂ ಗಂಡನ ಕಡೆಗೆ ತಳ್ಳಿದರು.