ಹೊಟ್ಟೆಹುಣ್ಣು ಮತ್ತು ನಿರ್ದೋಷಿ ಅತ್ತೆ

ನನ್ನ ಹೊಟ್ಟೆಯಲ್ಲಿ ಹುಣ್ಣಾದದ್ದು ನನ್ನ ಅತ್ತೆಯಿಂದ. ನಾನು ನಂಬಿ, ಹೆಂಡತಿಯನ್ನೂ ನಂಬಿಸಿ, ಹೇಗೋ ಕಾಲ ತಳ್ಳುತ್ತಿದ್ದ ಪರಮಸತ್ಯ ಇದು. ವಿಜ್ಞಾನ ಬಂದು ಅದನ್ನು ಹಾಳುಮಾಡಿತು. ಹೇಳಿಕೊಳ್ಳಲೂ ಸುಸ್ತು, ಆದರೂ ಕೇಳಿ.

ನಾನು ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುವಾಗ ಉಸಿರಾಡಲೂ ಹೆದರಬೇಕು. ಅತ್ತೆಯವರೋ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಪಕ್ಕದ ಕೋಣೆಯವರ ಜೊತೆಗೂ ದೂರದೂರಿಗೆ ಕೂಗಿ ಹೇಳುವ ಟ್ರಂಕ್ ಕಾಲ್ ದನಿಯಲ್ಲೇ ಮಾತು. "ಅಳಿಯಂದಿರೇ, ಕೇಳಿಸ್ತಿದೆಯಾ?" ಅಂದರೆ ಸ್ಪ್ರಿಂಗ್ ಹಾರಿ ಮೇಜಿನ ಕೆಳಗೆ. (ಕೇಳಿಸದೆ ಏನು? ಎದುರುಮನೆಯವರೇ "ಕೇಳಿಸ್ತು" ಅನ್ನುತ್ತಿದ್ದರು.) ನನಗೆ ತಲೆನೋವು, ಅದಕ್ಕೊಂದು ಮಾತ್ರೆ, ಆಮೇಲೆ ಹೊಟ್ಟೆಯಲ್ಲಿ ಬೆಂಕಿ.

ಒಂದು ದಿನ ಹೊಟ್ಟೆ ಹಿಡಿದುಕೊಂಡು ಘೋಷಿಸಿದೆ: "ಚಿಂತೆಯಿಂದಲೇ ಹುಣ್ಣಾಗೋದು ಕಣೇ. ನಿಮ್ಮಮ್ಮ ಇಲ್ಲಿದ್ದರೆ ನಾನು ಉಳಿಯಲ್ಲ."

ಹೆಂಡತಿ ಕಣ್ಣೊರೆಸಿಕೊಂಡು ಅಮ್ಮನನ್ನು ತಮ್ಮನ ಮನೆಗೆ ಕಳಿಸಿದಳು. ಮನೆ ತಣ್ಣಗಾಯಿತು. ಹುಣ್ಣು ಮಾತ್ರ ಹಾಗೇ ಇತ್ತು. ಇರಲಿ ಎಂದು ನಾನೂ ಸುಮ್ಮನಿದ್ದೆ. ಅದಿರುವ ತನಕ ತಾನೆ ಅತ್ತೆ ಬಾರದಿರುವುದು? ಇವಳು ಅಮ್ಮನ ಖಾಲಿ ಕುರ್ಚಿ ನೋಡುವಾಗ ನನಗೂ ಪಾಪ ಅನ್ನಿಸುತ್ತಿತ್ತು. ಆದರೆ ಆ ಮೌನ ಎಷ್ಟು ರುಚಿಯಾಗಿತ್ತು ಅಂತೀರಿ!

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ತಲೆಸುತ್ತಿ ಕೆಲಸದ ಮೇಜಿನ ಮೇಲೇ ಬಿದ್ದೆ. ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಗಂಟಲಲ್ಲಿ ಕ್ಯಾಮೆರಾ ಕೊಳವೆ ಇಳಿಸಿ, ಒಳಗಿನ ಚೂರು ಕಿತ್ತು ಪರೀಕ್ಷೆಗೆ ಕಳಿಸಿ, ಫಲಿತಾಂಶ ಬಂದಮೇಲೆ ಇಬ್ಬರನ್ನೂ ಕೂರಿಸಿಕೊಂಡರು.

"ಜಠರದಲ್ಲೊಂದು ಹುಣ್ಣು, ಸಣ್ಣ ಕರುಳು ಶುರುವಾಗೋ ಕಡೆ ಇನ್ನೊಂದು. ಕಾರಣ ಬ್ಯಾಕ್ಟೀರಿಯಾ. ಆಮ್ಲದಲ್ಲೂ ಸಾಯದೆ, ಒಳಪದರದಲ್ಲಿ ಬೀಡುಬಿಟ್ಟಿದೆ."

"ಚಿಂತೆಯಿಂದ ಅಲ್ವಾ?" ಎಂದೆ.

"ಚಿಂತೆಯಿಂದ ಉರಿ ಜಾಸ್ತಿ ಅನ್ನಿಸಬಹುದು. ಹುಣ್ಣಿಗೆ ಮೂಲ ಅದಲ್ಲ."

"ಹಾಗಾದ್ರೆ ನಮ್ಮಮ್ಮನ ತಪ್ಪೇನಿಲ್ಲ?" ಹೆಂಡತಿ ಕುರ್ಚಿ ತುದಿಗೆ ಬಂದಳು.

"ಯಾವಮ್ಮ? ಈ ರೋಗಾಣು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಸೇರಿಕೊಂಡಿರುತ್ತೆ."

"ನೋಡಿದ್ರಾ! ನಿಮ್ಮ ಮನೆಯಿಂದಲೇ ತಂದಿರೋದು! ವರದಕ್ಷಿಣೆ ಬೇಡ ಅಂದವರು ಇದನ್ನ ಯಾಕೆ ಹೊತ್ಕೊಂಡು ಬಂದ್ರಿ?"

ಮುಳುಗುವ ಹೊತ್ತಿಗೆ ಡಾಕ್ಟರಮ್ಮನೇ ಹುಲ್ಲುಕಡ್ಡಿ ಎಸೆದರು. "ನೋವಿನ ಮಾತ್ರೆ ತಗೋತೀರಾ? ಅದೂ ಹೊಟ್ಟೆಯ ರಕ್ಷಣೆ ಕೆಡಿಸಿ ಹುಣ್ಣು ಮಾಡುತ್ತೆ."

"ತಗೋತೀನಿ!" ಎದ್ದೇ ನಿಂತೆ. "ದಿನಾ ತಗೋತೀನಿ! ಅತ್ತೆ ಮಾತಿಗೆ ತಲೆನೋವು, ತಲೆನೋವಿಗೆ ಮಾತ್ರೆ, ಮಾತ್ರೆಯಿಂದ ಹುಣ್ಣು. ಕೊನೆಗೂ ಅತ್ತೆಯೇ ಕಾರಣ ಆಯ್ತಲ್ಲ?"

"ಅಮ್ಮ ಹೋಗಿ ವರ್ಷ ಆಯ್ತು. ಇನ್ನೂ ಯಾಕ್ರೀ ನುಂಗ್ತೀರಾ?"

"ಫೋನ್ ಮಾಡ್ತಾರಲ್ಲೇ!"

ಡಾಕ್ಟರಮ್ಮ ನಗಲಿಲ್ಲ. "ಬ್ಯಾಕ್ಟೀರಿಯಾಗೆ ಔಷಧಿ ಬರೆದಿದ್ದೀನಿ. ಆ ನೋವಿನ ಮಾತ್ರೆ ಇನ್ನು ಮುಟ್ಟಬೇಡಿ. ರಕ್ತ ಹೋಗಿ ಹೋಗಿಯೇ ತಲೆಸುತ್ತು ಬಂದಿರೋದು."

ಅದನ್ನು ಕೇಳಿ ಹೆಂಡತಿಯ ಮುಖ ಬಿಳಿಚಿತು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಾಗ ವಾದ ಅಲ್ಲಿಗೇ ಬಿಟ್ಟು ಔಷಧಿ ಚೀಟಿ ತೆಗೆದುಕೊಂಡೆ. ಮನೆಗೆ ಬಂದವಳೇ ಡಾಕ್ಟರ ಆಜ್ಞೆಯನ್ನು ತಾನೇ ವಿಸ್ತರಿಸಿ, ತಲೆನೋವಿಗೆಂದಿದ್ದ ಮಾತ್ರೆಯನ್ನೆಲ್ಲ ಚರಂಡಿಗೆ ಸುರಿದಳು. ಆಮೇಲೆ ತಮ್ಮನ ಮನೆಗೆ ಫೋನ್ ಮಾಡಿದಳು.

ಔಷಧಿ ಮುಗಿಯಿತು, ಉರಿ ಹೋಯಿತು, ಅತ್ತೆ ಬಂದರು. ಹುಣ್ಣು ತಂದ ಅಪವಾದ ಕಳೆದ ಸಂತೋಷಕ್ಕೆ ದನಿ ಇನ್ನಷ್ಟು ತೆರೆದಿತ್ತು. ಸಂಜೆಯ ಹೊತ್ತಿಗೆ ನಾನು ಹಣೆ ಒತ್ತಿಕೊಂಡು ಕೂತಿದ್ದೆ.

"ಅಳಿಯಂದಿರಿಗೆ ತಲೆನೋವಾ?" ಎಂದರು ಅತ್ತೆ, ಮಮತೆಯಿಂದ. "ಮಾತ್ರೆ ಬೇಡವೇ ಬೇಡ. ಪಕ್ಕದಲ್ಲಿ ಕೂತು ಯಾರಾದ್ರೂ ಮಾತಾಡಿಸ್ತಾ ಇದ್ರೆ ಮರೆತೇಹೋಗುತ್ತೆ."

ಹಾಗೆಂದು ತಮ್ಮ ಹಳೆಯ ಕುರ್ಚಿಯನ್ನು ನನ್ನ ಪಕ್ಕಕ್ಕೇ ಎಳೆದುಕೊಂಡರು.