ಊದಪ್ಪನವರು ಅನ್ನ ಬಿಟ್ಟಿದ್ದು

ಬಸ್ ಡಿಪೋದಲ್ಲಿ ಆ ಇನ್‌ಸ್ಪೆಕ್ಟರರನ್ನು ಯಾರೂ ಸ್ವಂತ ಹೆಸರಿನಿಂದ ಕರೆಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಕುಡಿತ ಪತ್ತೆಹಚ್ಚುವ ಯಂತ್ರವನ್ನು ಒಬ್ಬೊಬ್ಬ ಡ್ರೈವರನ ಬಾಯಿಗೂ ಹಿಡಿದು "ಊದಪ್ಪಾ" ಎನ್ನುವುದು ಅವರ ಕೆಲಸ. ಹಾಗಾಗಿ ಡ್ರೈವರುಗಳು ಅವರಿಗೆ ಊದಪ್ಪ ಎಂದೇ ನಾಮಕರಣ ಮಾಡಿದ್ದರು. ಹೊಟ್ಟೆಯೂ ಅದೇ ಆಜ್ಞೆಯನ್ನು ಶಿರಸಾವಹಿಸಿ ವರ್ಷವರ್ಷವೂ ಊದುತ್ತಿದ್ದುದರಿಂದ ಹೆಸರು ಎರಡು ಕಡೆಯಿಂದಲೂ ಭದ್ರವಾಗಿತ್ತು!

ಒಂದು ಬೆಳಿಗ್ಗೆ ಯೂನಿಫಾರ್ಮಿನ ಗುಂಡಿ ಹಾರಿ ಕನ್ನಡಿಗೆ ಬಡಿಯಿತು. ಊದಪ್ಪನವರು ಅಲ್ಲೇ ಯುದ್ಧ ಘೋಷಿಸಿದರು.

"ಇವತ್ತಿಂದ ನಂಗೆ ಅನ್ನ ಬೇಡ, ಬ್ರೆಡ್ ಬೇಡ, ಸಕ್ಕರೆ ಬೇಡ. ಕೀಟೋ! ಬರೀ ಬೆಣ್ಣೆ, ಮೊಟ್ಟೆ, ಮಾಂಸ. ಮೂರೇ ತಿಂಗಳಲ್ಲಿ ಹುಡುಗನ ಥರ ಆಗ್ತೀನಿ ನೋಡ್ತಿರು!"

ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಲೆಕ್ಕ ತಪ್ಪುವವರಲ್ಲ; ಸುಳ್ಳು ಹೇಳುವವರಂತೂ ಅಲ್ಲವೇ ಅಲ್ಲ.

"ಕೊಬ್ಬು ಕರಗಿಸೋಕೆ ಕೊಬ್ಬು ತಿನ್ನೋದಾ? ಬಿಪಿ ಮಾತ್ರೆ ನುಂಗೋರು ಡಾಕ್ಟರನ್ನ ಒಂದು ಮಾತು ಕೇಳಬಾರದಾ?"

"ಡಾಕ್ಟರ್ ಯಾಕೆ? ಹದಿನಾಲ್ಕು ವಿಡಿಯೋ ನೋಡಿದ್ದೀನಿ!"

"ಎಷ್ಟು ದಿನ ಈ ಊಟ?"

"ಬದುಕಿರೋವರೆಗೂ!"

"ಅದು ಎಷ್ಟು ದಿನ ಅಂತಲೇ ನಾನು ಕೇಳ್ತಿರೋದು."

ಮೊದಲ ವಾರ ಮೂರು ಕೆಜಿ ಇಳಿಯಿತು. ಊದಪ್ಪನವರು ಪ್ರವಾದಿಯಾದರು! ಡ್ರೈವರುಗಳು ಟೀ ಜೊತೆ ಬಿಸ್ಕತ್ತು ಎತ್ತಿಕೊಂಡರೆ ಸಾಕು, "ಅದು ಬಿಸ್ಕತ್ತಲ್ಲ ಕಣಯ್ಯ, ವಿಷ!" ಎಂದು ಉಪದೇಶ ಶುರು. ಎರಡನೇ ವಾರ ಉಪದೇಶಕರ ತಲೆ ಭಾರವಾಯಿತು, ಮೀನಖಂಡ ಹಿಡಿದುಕೊಂಡಿತು. ಬೆಳಗಿನ ಶೌಚದ ಹೊತ್ತಿಗೆ ಪೇಪರು ಹಿಡಿದು ಒಳಹೋದವರು ಸುದ್ದಿ ಮುಗಿಸಿ, ಸಂಪಾದಕೀಯ ಮುಗಿಸಿ, ಟೆಂಡರ್ ಪ್ರಕಟಣೆಗಳನ್ನು ಬಾಯಿಪಾಠ ಮಾಡಿಕೊಂಡರೂ ಹೊರಗೆ ಬರಲಿಲ್ಲ.

"ಏನ್ರೀ, ನಿಮ್ಮ ಬಾಯಿಂದ ನೇಲ್ ಪಾಲಿಶ್ ಅಳಿಸೋ ನೀರಿನ ವಾಸನೆ ಬರ್ತಿದೆ."

"ಕೊಬ್ಬು ಉರೀತಿದೆ ಕಣೇ! ಅದು ವಿಜಯದ ವಾಸನೆ!"

ಹತ್ತೊಂಬತ್ತನೇ ದಿನ ಡಿಪೋಗೆ ಹೊಸ ಯಂತ್ರ ಬಂತು. ಎಲ್ಲರಿಗೂ ಒಮ್ಮೆ ಊದಿ ತೋರಿಸಿ ಎಂದರು ಮ್ಯಾನೇಜರು. ಊದಪ್ಪನವರು ಎದೆ ಸೆಟೆಸಿ ನಿಂತರು. "ಜನ್ಮದಲ್ಲಿ ಒಂದು ಹನಿ ಮುಟ್ಟದವನು ನಾನು. ಸೊನ್ನೆ ಅಂದ್ರೆ ಹೇಗಿರುತ್ತೆ, ಕಣ್ತುಂಬ ನೋಡ್ಕೊಳ್ಳಿ!"

ಊದಿದರು. ಕೀಂಯ್! ಕೆಂಪು ದೀಪ!

ನಲವತ್ತು ಡ್ರೈವರುಗಳು ಉಸಿರು ಬಿಗಿಹಿಡಿದರು. ಊದಪ್ಪನವರು ಯಂತ್ರವನ್ನು ಕೊಡವಿ, ಒರೆಸಿ, ಮತ್ತೆ ಊದಿದರು. ಯಂತ್ರ ಇನ್ನೂ ಜೋರಾಗಿ ಕಿರುಚಿತು. ಹಿಂದಿನ ಸಾಲಿನಿಂದ ಯಾರೋ ಮೆತ್ತಗೆ "ಊದಪ್ಪಾ..." ಎಂದದ್ದೇ ತಡ, ಡಿಪೋದ ತಗಡಿನ ಚಾವಣಿ ಹಾರಿಹೋಗುವಂತೆ ನಗು!

ಮ್ಯಾನೇಜರು ಕೈಚೆಲ್ಲಿದರು. "ನಾನು ನಂಬ್ತೀನಿ ಸಾರ್, ನಿಯಮ ನಂಬಲ್ಲ. ಯಂತ್ರ ಕೂಗಿದ್ರೆ ಯಾವ ನೆಪಾನೂ ಕೇಳದೆ, ಹೆಂಡತಿ ಜೊತೆ ಕುಡಿತ ಬಿಡಿಸೋ ಕೇಂದ್ರಕ್ಕೆ ಕಳಿಸಬೇಕು ಅಂತ ಬರೆಸಿದ್ದು ನೀವೇ."

ಶಾಲೆಯಿಂದ ನೇರ ಬಂದ ಟೀಚರು ಕೇಂದ್ರದಲ್ಲಿ ಗಂಡನ ಪಕ್ಕ ಕೂತರು. ಅಲ್ಲಿನ ಡಾಕ್ಟರಮ್ಮ ಮೊದಲು ರಕ್ತ ತೆಗೆಸಿ, ಆಮೇಲೆ ಫಾರಂ ತೆರೆದರು.

"ಎಷ್ಟು ದಿನದಿಂದ ಹೀಗೆ?"

"ಹತ್ತೊಂಬತ್ತು," ಎಂದರು ಟೀಚರು.

"ಲೇ, ಅದು ಕೀಟೋ..." ಎಂದರು ಊದಪ್ಪನವರು.

"ನೀವು ಸುಮ್ನಿರಿ, ಅವರು ಹೇಳಲಿ. ಮನೆಯವರ ಜೊತೆ ಊಟಕ್ಕೆ ಕೂರ್ತಾರಾ?"

"ಇಲ್ಲ. ಅಡುಗೆಮನೆ ಬಾಗಿಲು ಹಾಕ್ಕೊಂಡು ಒಬ್ಬರೇ."

"ಸಿಟ್ಟು?"

"ಮೊನ್ನೆ ಬಾಳೆಹಣ್ಣಿನ ಮೇಲೆ ಕೂಗಾಡಿದ್ರು."

"ಏನಾದ್ರೂ ಬಚ್ಚಿಡ್ತಾರಾ? ಬಾಟಲಿ?"

"ಬಾಟಲಿ ಅಲ್ಲ. ಚೀಸ್."

ಡಾಕ್ಟರಮ್ಮನ ಪೆನ್ನು ನಿಂತಿತು. ಆಮೇಲಷ್ಟೇ ಊದಪ್ಪನವರಿಗೆ ಬಾಯಿಬಿಡುವ ಅಪ್ಪಣೆ ಸಿಕ್ಕಿತು. ಅಷ್ಟರಲ್ಲಿ ರಕ್ತದ ವರದಿಯೂ ಬಂತು. ಮದ್ಯ ಸೊನ್ನೆ!

"ಅನ್ನ, ಸಕ್ಕರೆ ಸಿಗದೆ ಮೈ ಕೊಬ್ಬನ್ನೇ ಉರಿಸೋವಾಗ ಉಸಿರಲ್ಲಿ ಹೀಗೆ ವಾಸನೆ ಬರುತ್ತೆ. ಕೆಲವು ಯಂತ್ರಗಳು ಅದನ್ನೇ ಮದ್ಯ ಅಂತ ಮೋಸಹೋಗಬಹುದು," ಎಂದರು ಡಾಕ್ಟರಮ್ಮ. "ಕೀಟೋ ಕೆಲವರಿಗೆ, ಕೆಲವು ಕಾಲ, ಡಾಕ್ಟರ ಕಣ್ಣೆದುರಲ್ಲಿ ಸರಿ. ನಿಮ್ಮ ಕೆಟ್ಟ ಕೊಲೆಸ್ಟ್ರಾಲ್ ಆಕಾಶಕ್ಕೆ ಹೋಗಿದೆ, ಬಿಪಿ ಮಾತ್ರೆ ಬೇರೆ. ಇನ್ನೂ ಮುಂದುವರಿಸೋ ಆಸೆ ಇದೆಯಾ?"

ಊದಪ್ಪನವರು ಎರಡೂ ಕೈ ಜೋಡಿಸಿದರು. "ಇಲ್ಲ ಡಾಕ್ಟ್ರೇ! ಹತ್ತೊಂಬತ್ತು ದಿನದಲ್ಲಿ ಹದಿನೆಂಟು ದಿನ ಅಳು ಬಂದಿದೆ!"

ಟೀಚರಿಗೆ ಅಯ್ಯೋ ಅನಿಸಿತು. ಆದರೆ ಲೆಕ್ಕ ಬಿಡಲಾದೀತೇ? "ಉಳಿದ ಒಂದು ದಿನ?"

"ಇವತ್ತು... ನೀನು ಬರೋ ಮೊದಲು ಇಲ್ಲೇ ಕೇಂದ್ರದ ಗೇಟಿನಾಚೆ ಮರದ ಹಿಂದೆ ನಿಂತು ಎರಡು ಬನ್ ತಿಂದೆ."

"ಯಾರಿಗೂ ಕಾಣದ ಹಾಗಾ?" ಎಂದರು ಡಾಕ್ಟರಮ್ಮ.

"ಹೂಂ."

"ತಿಂದ ಮೇಲೆ?"

"ವಾಸನೆ ಬರದಿರಲಿ ಅಂತ... ಲವಂಗ ಅಗಿದೆ."

ಡಾಕ್ಟರಮ್ಮ ಮಡಚಿಟ್ಟಿದ್ದ ಫಾರಂ ಅನ್ನು ಮತ್ತೆ ಬಿಡಿಸಿದರು. "ಹಾಗಾದ್ರೆ ಯಜಮಾನ್ರೇ, ಡಿಪೋದವರು ನಿಮ್ಮನ್ನ ಸರಿಯಾದ ಜಾಗಕ್ಕೇ ಕಳಿಸಿದ್ದಾರೆ!"