ಚಿದಂಬರನ ಐದನೇ ತಂತಿ

ಪೊಟ್ಟಣ ಒಡೆದು ನೋಡಿದರೆ ತಂತಿಗಳು ನಾಲ್ಕೇ ಇದ್ದವು. ಚಿದಂಬರ ಪೊಟ್ಟಣವನ್ನು ತಲೆಕೆಳಗೆ ಮಾಡಿ ಕೊಡವಿದ. ಏನೂ ಬೀಳಲಿಲ್ಲ. ಅವನ ಬೇಸ್ ಗಿಟಾರಿಗೆ ಐದು ತಂತಿ. ಆನ್‌ಲೈನಿನಲ್ಲಿ ತರಿಸುವಾಗ ಹೊಳಪು ನೋಡಿದ್ದ, ದಪ್ಪ ನೋಡಿದ್ದ, ಎಷ್ಟಿವೆ ಎಂದು ನೋಡಿರಲಿಲ್ಲ. ಬಾರದೆ ಉಳಿದದ್ದು ಐದನೆಯದು, ಎಲ್ಲಕ್ಕಿಂತ ದಪ್ಪನೆಯದು, ಎಲ್ಲಕ್ಕಿಂತ ತಗ್ಗಿನ ಸ್ವರದ್ದು. ಅವತ್ತು ಬೇಕಾಗಿದ್ದದ್ದೂ ಅದೇ.

ಅವರ ಆರ್ಕೆಸ್ಟ್ರಾದ ಯಜಮಾನ ಮೋಹನ್‌ಕುಮಾರ್ ಹಿಂದಿನ ಕಾರ್ಯಕ್ರಮ ಮುಗಿದ ಕೂಡಲೇ ಹೇಳಿಬಿಟ್ಟಿದ್ದ: "ನಿನ್ನ ಆ ದಪ್ಪ ತಂತಿ ಗಂಟಲು ಕಟ್ಟಿದ ಎಮ್ಮೆ ಥರ ಗರಗರ ಅನ್ನುತ್ತೆ ಕಣೋ. ಬೇಲೂರಿನ ಆರತಕ್ಷತೇಲಿ ಸರಿಯಾಗಿ ಕೇಳಿಸಿದ್ರೆ ತಂಡದಲ್ಲಿರ್ತೀಯ. ಇಲ್ದಿದ್ರೆ ಕೀಬೋರ್ಡಿನವನ ಎಡಗೈ ಸುಮ್ನೇ ಇದೆ. ಬೇಸ್ ಅದೇ ನುಡಿಸುತ್ತೆ."

ಬೇಲೂರಿನ ಆರತಕ್ಷತೆ ಅವತ್ತೇ ಸಂಜೆ.

ಅರಸೀಕೆರೆಯಲ್ಲಿ ಕೊಬ್ಬರಿ ಎಷ್ಟು ಬೇಕಾದರೂ ಸಿಗುತ್ತದೆ, ಬೇಸ್ ಗಿಟಾರಿನ ಐದನೇ ತಂತಿ ಸಿಗುವುದಿಲ್ಲ. ಹಳೆಯ ತಂತಿಯನ್ನು ನೀರಿನಲ್ಲಿ ಕುದಿಸಿದರೆ ಜಿಡ್ಡು ಬಿಟ್ಟು ಹೊಸದರಂತೆ ನುಡಿಯುತ್ತದೆ ಎಂದು ಯೂಟ್ಯೂಬಿನಲ್ಲಿ ಯಾರೋ ಹೇಳುತ್ತಿದ್ದ. ಚಿದಂಬರ ಒಲೆ ಹೊತ್ತಿಸಿದ.

ಪೂಜೆ ಮುಗಿಸಿ ಬಂದ ತಾಯಿ ಕಾಂತಮ್ಮ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು.

"ಏನೋ ಇದು, ಶಾವಿಗೆ ಇಷ್ಟು ದಪ್ಪ?"

"ಶಾವಿಗೆ ಅಲ್ಲಮ್ಮ, ತಂತಿ."

"ಹಾಲು ಕಾಯಿಸೋ ಪಾತ್ರೇಲಿ ತಂತಿ ಬೇಯಿಸ್ತಿದೀಯಾ? ಇರು, ಬೆಂದ ಮೇಲೆ ಒಗ್ಗರಣೆ ಹಾಕಿಕೊಡ್ತೀನಿ, ಉಣ್ಣುವಂತೆ."

ಪಾತ್ರೆ ಹಿತ್ತಲಿಗೆ ಹೋಯಿತು. ಚಿದಂಬರ ತಂತಿ, ಗಿಟಾರು ಎತ್ತಿಕೊಂಡು ಜಗಲಿಗೆ ಬಂದ. ಬರಬಾರದಿತ್ತು.

ಐದನ್ನೂ ಹಾಕಿ ಬಿಗಿ ಮಾಡಿದ. ಹೊಸ ತಂತಿಗಳ ಎಳೆತಕ್ಕೆ ಗಿಟಾರಿನ ಕತ್ತು ಮುಂದಕ್ಕೆ ಬಾಗಿತು. ತಂತಿಗಳು ಕತ್ತಿನಿಂದ ಎಷ್ಟು ಮೇಲೆ ನಿಂತವೆಂದರೆ ಅವುಗಳ ಮೇಲೆ ಬಟ್ಟೆ ಒಣಗಿಹಾಕಬಹುದಿತ್ತು. ಎದುರಿನ ಸೈಕಲ್ ಶಾಪಿನ ಮಹಾಂತೇಶ್ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿಯೇಬಿಟ್ಟ.

"ಕತ್ತಿನೊಳಗೆ ಕಬ್ಬಿಣದ ಕಂಬಿ ಇರುತ್ತೆ ಮಹಾಂತೇಶ. ಅದನ್ನ ಸ್ವಲ್ಪವೇ ಸ್ವಲ್ಪ ತಿರುಗಿಸಬೇಕು," ಎಂದ ಚಿದಂಬರ.

"ಬಿಡಣ್ಣ, ವೀಲ್ ಬೆಂಡ್ ತೆಗೆಯೋದೂ ಇದೂ ಒಂದೇ." ಮಹಾಂತೇಶ್ ತನ್ನ ಅಲೆನ್ ಕೀಯನ್ನು ಕಂಬಿಯ ತುದಿಗೆ ತೂರಿಸಿ, ಲಾರಿ ನಟ್ಟು ಬಿಗಿಯುವ ಹಾಗೆ ತಿರುವಿದ.

ಕತ್ತು ಈಗ ಹಿಂದಕ್ಕೆ ಬಾಗಿತು. ತಂತಿಗಳು ಮರಕ್ಕೇ ಅಂಟಿಕೊಂಡವು. ಐದನೆಯದನ್ನು ಮೀಟಿದರೆ ಡಬ್ಬದಲ್ಲಿ ಸಿಕ್ಕಿದ ದುಂಬಿಯಂತೆ ಗರ್ರ್ ಎಂದಿತು.

ಅಷ್ಟರಲ್ಲಿ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಮರುಳಪ್ಪನವರು ಬಂದರು. ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಹೇಳುವವರು. ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಕಣ್ಣು ಮುಚ್ಚಿದರು.

"ಮಾಮ, ಅದು ಕೊಬ್ಬರಿ ಅಲ್ಲ."

"ಗೊತ್ತು ಕಣೋ. ಗರಗರ ಅನ್ನೋದು ಒಳ್ಳೇದೇ. ಬಲಿತೈತೆ ಅಂತ ಅರ್ಥ. ಮುಟ್ಟಬ್ಯಾಡ."

"ಬಲಿತಿದ್ರೆ ಇವತ್ತು ನನ್ನನ್ನ ತಂಡದಿಂದ ತೆಗೀತಾರೆ ಮಾಮ!"

"ಹಂಗಾದ್ರೆ ತಂತಿ ಎತ್ರ ಮಾಡು," ಎಂದು ಅವರೇ ಸ್ಕ್ರೂ ಡ್ರೈವರ್ ತೆಗೆದುಕೊಂಡರು. ಅವರು ಒಂದು ಕಡೆ ಎತ್ತರಿಸಿದರೆ ಮಹಾಂತೇಶ್ ಇನ್ನೊಂದು ಕಡೆ ತಗ್ಗಿಸಿದ. ದಾರಿಯಲ್ಲಿ ಹೋಗುವವರು ನಿಂತು ಒಂದು ಕಣ್ಣು ಮುಚ್ಚಿ ಕತ್ತಿನ ನೇರ ನೋಡಿದರು. ಎಡಕ್ಕಿದೆ ಎಂದರು ಕೆಲವರು. ಬಲಕ್ಕೆ ಎಂದರು ಉಳಿದವರು. ಕೊನೆಗೆ ಕಾಂತಮ್ಮ, "ಒಣಗಿದಂಗೈತೆ ಪಾಪ," ಎನ್ನುತ್ತ ಕೊಬ್ಬರಿ ಎಣ್ಣೆ ತಂದರು. ಚಿದಂಬರ ಗಿಟಾರನ್ನು ಕಿತ್ತುಕೊಂಡು ಕೋಣೆಗೆ ಓಡಿ ಚಿಲಕ ಹಾಕಿಕೊಂಡ.

ಒಳಗೆ ಅವನೊಬ್ಬನೇ. ಕಂಬಿಯನ್ನು ಕೂದಲೆಳೆಯಷ್ಟು ಸಡಿಲಿಸುವುದು, ಮೀಟುವುದು, ತಂತಿಯನ್ನು ಚೂರು ಎತ್ತರಿಸುವುದು, ಮತ್ತೆ ಮೀಟುವುದು. ಊಟಕ್ಕೂ ಬರಲಿಲ್ಲ. ಟೆಂಪೊ ಬಂದು ಹಾರನ್ ಹೊಡೆಯುವ ಹೊತ್ತಿಗೆ ಗರಗರ ಬಹುಮಟ್ಟಿಗೆ ಹೋಗಿತ್ತು. ಜೋರಾಗಿ ಮೀಟಿದರೆ ಮಾತ್ರ ಬರುತ್ತಿತ್ತು. ಮೆಲ್ಲಗೆ ಮೀಟಿದರಾಯಿತು ಎಂದುಕೊಂಡ. ಬೇಲೂರಿನವರೆಗೂ ಗಿಟಾರನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ. ಅದೇ ಮದುವೆಗೆ ಹೊರಟಿದ್ದ ಮರುಳಪ್ಪನವರೂ ಟೆಂಪೊ ಹತ್ತಿದ್ದರು. ದಾರಿಯುದ್ದಕ್ಕೂ, "ಇನ್ನೊಂದ್ಸಲ ಅಲ್ಲಾಡಿಸಿ ನೋಡ್ಲಾ?" ಎನ್ನುತ್ತಲೇ ಇದ್ದರು.

ಮರದ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ಅದರ ಹಿಂದೆ ಒಂದು ಹಳೆಯ ಜನರೇಟರ್ ಬಾಯಿ ತೆರೆದುಕೊಂಡು ನಿದ್ದೆ ಮಾಡುವ ಮುದುಕನಂತೆ ಬಿದ್ದಿತ್ತು. ಮೊದಲ ಹಾಡು ಶುರುವಾಗುವಷ್ಟರಲ್ಲಿ ಕರೆಂಟ್ ಹೋಯಿತು. ಯಾರೋ ಓಡಿದರು, ಜನರೇಟರ್ ಕೆಮ್ಮಿ ಎದ್ದಿತು. ಅರೆಗತ್ತಲೆಯಲ್ಲೇ ಹುಡುಗಿಯ ಅಪ್ಪ ವೇದಿಕೆ ಹತ್ತಿ, "ಎಲ್ರೂ ಊಟಕ್ಕೆ ನುಗ್ಗಿಬಿಡ್ತಾರೆ, ಅದಕ್ಕೆ ಮುಂಚೆ ನಾಲ್ಕು ಮಾತಾಡ್ಬೇಕು, ನನಗೊಂದು ಮೈಕ್ ಕೊಡ್ರೀ," ಎಂದು ಗಡಿಬಿಡಿ ಮಾಡಿದರು. ಸೌಂಡ್ ಸಿಸ್ಟಮ್ಮಿನ ಮಧುಕುಮಾರ್ ಟಾರ್ಚ್ ಹಿಡಿದು ಎಲ್ಲಿಂದಲೋ ವೈರು ಎಳೆದು ಕೊಟ್ಟ.

ಭಾಷಣ ಮುಗಿದು ಹಾಡು ಮತ್ತೆ ಶುರುವಾಯಿತು. ಚಿದಂಬರ ಐದನೇ ತಂತಿಯನ್ನು ಮೆಲ್ಲಗೆ ಮೀಟಿದ.

ಗರಗರ ಇಲ್ಲ!

ಜೋರಾಗಿ ಮೀಟಿದ. ಆಗಲೂ ಇಲ್ಲ. ಕಾಲಡಿಯ ಹಲಗೆ ಧಿಮಿಧಿಮಿ ನಡುಗುತ್ತಿತ್ತು. ಮುಂದಿನ ಸಾಲಿನವರು ಎದೆ ಮುಟ್ಟಿಕೊಂಡು ತಲೆದೂಗುತ್ತಿದ್ದರು. ಒಂದು ಹಾಡಿನ ನಡುವೆ ಎಲ್ಲ ವಾದ್ಯಗಳೂ ನಿಂತು ಗಾಯಕಿ ಉಸಿರೆಳೆದುಕೊಳ್ಳುವಾಗಲೂ ಆ ಧಿಮಿಧಿಮಿ ನಿಲ್ಲಲಿಲ್ಲ. ಮೋಹನ್‌ಕುಮಾರ್ ತಿರುಗಿ ನೋಡಿ ಹೆಬ್ಬೆರಳೆತ್ತಿದ. ಚಿದಂಬರನ ಕಣ್ಣು ಒದ್ದೆಯಾಯಿತು.

ಕಾರ್ಯಕ್ರಮ ಮುಗಿಯಿತು. ಹುಡುಗಿಯ ಅಪ್ಪ ಅವನ ಕೈ ಹಿಡಿದುಕೊಂಡು, "ಏನ್ರೀ ಸೌಂಡು ಅದು! ಇಲ್ಲಿ, ಎದೆಗೇ ಬಂದು ಗುದ್ದುತ್ತೆ," ಎಂದರು.

"ನಾನ್ ಹೇಳ್ಲಿಲ್ವಾ, ಬಲಿತೈತೆ ಅಂತ," ಎಂದರು ಮರುಳಪ್ಪನವರು, ಎಲೆ ಅಡಿಕೆ ಮೆಲ್ಲುತ್ತ.

ಮೋಹನ್‌ಕುಮಾರ್ ಬಂದು ತಬ್ಬಿಕೊಂಡ. "ಹಾಡು ನಿಂತರೂ ನಿನ್ನ ನಾದ ನಿಲ್ಲಲಿಲ್ವಲ್ಲೋ! ಸೆಟ್ಟಿಂಗ್ ಮುಟ್ಟಬೇಡ. ಮುಂದಿನ ವಾರ ಹಳೇಬೀಡು. ಅಲ್ಲೂ ಇದೇ ಸೌಂಡ್ ಬೇಕು. ಇಲ್ದಿದ್ರೆ ಗೊತ್ತಲ್ಲ, ಕೀಬೋರ್ಡಿನವನ ಎಡಗೈ."

ಚಿದಂಬರ ನಗುನಗುತ್ತಲೇ ಗಿಟಾರಿನ ವೈರು ಸುತ್ತತೊಡಗಿದ. ಸುತ್ತುತ್ತ ಸುತ್ತುತ್ತ ವೇದಿಕೆಯ ಹಿಂದಕ್ಕೆ ಹೋದ. ವೈರಿನ ಇನ್ನೊಂದು ತುದಿ ಯಾವುದಕ್ಕೂ ಸಿಕ್ಕಿಸದೆ ಮಣ್ಣಿನಲ್ಲಿ ಬಿದ್ದಿತ್ತು.

"ಬೇಜಾರಾಗ್ಬೇಡ ಅಣ್ಣ," ಎಂದು ಮಧುಕುಮಾರ್ ತಲೆ ಕೆರೆದುಕೊಂಡ. "ಹುಡುಗಿ ಅಪ್ಪನ ಭಾಷಣದ ಮೈಕಿನ ವೈರು ಚುಚ್ಚೋಕೆ ಜಾಗ ಇರಲಿಲ್ಲ, ನಿನ್ನದನ್ನ ಕಿತ್ತೆ. ಆಮೇಲೆ ಹಾಕೋದು ಮರೆತೇಹೋಯ್ತು."

"ಹಾಗಾದ್ರೆ ಆ ಸೌಂಡು?"

ಅಷ್ಟರಲ್ಲಿ ಕರೆಂಟ್ ಬಂತು. ಯಾರೋ ಜನರೇಟರ್ ಆಫ್ ಮಾಡಿದರು. ಧಿಮಿಧಿಮಿ ನಿಂತಿತು. ಹಲಗೆ ನಡುಗುವುದೂ ನಿಂತಿತು.

ಚಿದಂಬರ ಆ ಮುದಿ ಯಂತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಧುಕುಮಾರನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ:

"ಹಳೇಬೀಡಿನಲ್ಲಿ ಸಂಜೆ ಹೊತ್ತು ಕರೆಂಟ್ ಹೋಗುತ್ತೇನೋ?"